ಬುದ್ಧಪೇಟೆಗೆ ಹೊರಟವರು

ನೌಬಾದ, ಬೀದರ
11 ನವೆಂಬರ್ 2024

ಪ್ರೀತಿಯ ಮೀರಕ್ಕನಿಗೆ,

ನಿನ್ನ ಪಾಸ್‌ಪೋರ್ಟ್ ಬಂದಿತೆಂದು ನಿನ್ನ ಮೊಮ್ಮಗಳು ಮಹಾಮಾಯಾ ಫೋನಿನಲ್ಲಿ ಹೇಳಿದಳು. ಹಿಂದಿನಿಂದ ನಿನ್ನ ದನಿಯೂ ಕೇಳಿತು. "ಎಸ್ತರಗ ಹೇಳವಾ, ಫೋಟೋದಾಗ ನಾ ಕಳ್ಳಿ ಕಂಡಂಗ ಕಾಣ್ತೇನಿ ಅಂತ!" ಫೋನು ಇರದಿದ್ದರೂ ಭಾಲ್ಕಿಯಿಂದ ನೌಬಾದದ ತನಕ ಕೇಳುತ್ತಿತ್ತು ಬಿಡು. ನಿನ್ನ ಕಿವಿ ಮಂದವಾದ ಮೇಲೆ ಒಂದು ಲಾಭವಾಗಿದೆ. ಹಾಸ್ಟೆಲಿನ ರಜೆಯಲ್ಲಿ ಕಾಗದ ಬರೆಯುತ್ತಿದ್ದ ಹುಡುಗಿಯರು ಮತ್ತೆ ಕಾಗದ ಬರೆಯತೊಡಗಿದ್ದೇವೆ.

ಊರು ನೀನೇ ಆರಿಸಿದ್ದು, ಆದ್ದರಿಂದ ಆಮೇಲೆ ನನ್ನನ್ನು ಬೈಯಬೇಡ. ನಾನು ಪ್ಯಾರಿಸ್ ಎಂದಿದ್ದೆ. ನೀನು ಔರಾದದ ಸಾಲಿಯಲ್ಲಿ ವರ್ಷವರ್ಷವೂ ಗೋಡೆಯ ನಕ್ಷೆಯ ಮೇಲೆ ಕೋಲು ಆಡಿಸಿ ಡ್ಯಾನ್ಯೂಬ್ ನದಿ ತೋರಿಸಿದವಳು. ಒಂದು ಸಲವಾದರೂ ಅದರ ದಂಡೆಯಲ್ಲಿ ನಿಲ್ಲಬೇಕು ಎಂದೆ ನೀನು. ಸರಿ, ಬುಡಾಪೆಸ್ಟ್. ಅದು ಹಂಗೇರಿ ದೇಶದ ರಾಜಧಾನಿ. ನದಿಯ ಆಚೆ ದಂಡೆ ಬುಡಾ, ಈಚೆ ದಂಡೆ ಪೆಸ್ಟ್. ನಮ್ಮ ಮಗ ಜಾನ್ಸನ, ಟ್ರಾಮಿನ ದಾರಿಗೆ ಹತ್ತಿರದಲ್ಲೇ ಒಂದು ಹೋಟೆಲು ನೋಡಿ ಇಟ್ಟಿದ್ದಾನೆ. ಎರಡು ಮಂಚದ ಒಂದೇ ಕೋಣೆ. ನಿನ್ನ ಗೊರಕೆ ನಿನಗೆ ಕೇಳಿಸದು, ನನ್ನ ಗತಿ ಆ ದೇವರೇ ನೋಡಬೇಕು.

ಇನ್ನು ವೀಸಾ. ನಾನು ನಮ್ಮ ಯಜಮಾನರಾದ ಬರ್ನಬಾಸ ಅವರ ಜೊತೆ ಚರ್ಚಿನ ಯಾತ್ರೆಯಲ್ಲಿ ಜೆರುಸಲೇಮಿಗೆ ಹೋದಾಗ ಎಲ್ಲವನ್ನೂ ಪಾದ್ರಿಯವರೇ ಮಾಡಿಸಿದ್ದರು. ಈ ಸಲ ನಾವೇ ಮಾಡಬೇಕು. ಬಿಳಿ ಹಿನ್ನೆಲೆಯ ಹೊಸ ಫೋಟೋ ತೆಗೆಸು. ನಿನ್ನ ಪಿಂಚಣಿ ಜಮಾ ಆಗುವ ಬ್ಯಾಂಕಿಗೆ ಹೋಗಿ ಆರು ತಿಂಗಳ ಸ್ಟೇಟ್‌ಮೆಂಟಿಗೆ ಮೊಹರು ಹಾಕಿಸು. ಪ್ರಯಾಣದ ವಿಮೆ ಕಡ್ಡಾಯ. ವಿಮಾನದ ಟಿಕೆಟು ಕಾಯ್ದಿರಿಸಿದರೆ ಸಾಕು, ವೀಸಾ ಬರುವ ಮುನ್ನ ಖರೀದಿ ಬೇಡ. ಗೊತ್ತಾಗದಿದ್ದರೆ ಕೇಳು. ನಾನಿದ್ದೇನೆ.

ನಿನ್ನ ತಂಗಿ,
ಎಸ್ತರ

*

ಭಾಲ್ಕಿ
25 ನವೆಂಬರ್ 2024

ಎಸ್ತರಳಿಗೆ ಮೀರಾಬಾಯಿಯ ಜೈಭೀಮ.

ಫೋಟೋ ತೆಗೆಸಿದೆ. ಸ್ಟುಡಿಯೋದ ಹಬೀಬ ಚಷ್ಮಾ ತೆಗೆಸಿದ, ಸೆರಗು ಸರಿಸಿದ, ಆಮೇಲೆ ಕೈಸನ್ನೆ ಮಾಡಿ ಕೂದಲು ಹಿಂದಕ್ಕೆ ಒತ್ತಿಸಿದ. ಮಹಾಮಾಯಾ ಚೀಟಿಯಲ್ಲಿ ಬರೆದು ತೋರಿಸಿದಳು, ಎರಡೂ ಕಿವಿ ಕಾಣಬೇಕಂತೆ. ಕೇಳದಿದ್ದರೂ ನಡೆಯುತ್ತದೆ, ಕಂಡರೆ ಸಾಕು! ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ನಾನು ಮೆಲ್ಲಗೇ ಹೇಳಿದ್ದೆ ಎಂದುಕೊಂಡಿದ್ದೆ.

ಊರಿನ ಹೆಸರು ಇಲ್ಲಿ ಹೊಸ ರೂಪ ತಾಳಿದೆ. ಬಾಜೂ ಮನೆಯ ಕುಲಸುಮಬೀ ಬಂದು, "ಮೀರಾ ಟೀಚರ, ಬುದ್ಧಪೇಟೆಗಿ ಹೊಂಟೀರಂತಲ್ಲ, ಎಲ್ಲಿ ಬರ್ತದರಿ ಅದು? ಹುಮನಾಬಾದ ಕಡೀಗೇನು?" ಎಂದಳಂತೆ. ನಮ್ಮ ಮಗ ಸ್ವಪ್ನಿಲ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಮಾತ್ರ ಆ ಹೆಸರೇ ಹಿಡಿಸಿತು. ಬುದ್ಧಗಯೆ ನೋಡಿ ಆಯಿತು, ಇನ್ನು ಬುದ್ಧಪೇಟೆ.

ಮಹಾಮಾಯಾ ನನಗೆ ಬೂಟು ಕೊಡಿಸಿದ್ದಾಳೆ. ಹುಟ್ಟಿದಾಗಿನಿಂದ ಚಪ್ಪಲಿಯನ್ನಷ್ಟೇ ಕಂಡ ಕಾಲು, ಬೂಟಿನೊಳಗೆ ಗಾಬರಿ ಬೀಳುತ್ತದೆ. ದಿನಾ ಬೆಳಿಗ್ಗೆ ಕೋಟೆಯ ತನಕ ನಡೆದು ಬರುತ್ತೇನೆ. ಕಂಡವರು "ಎಲ್ಲಿಗಿ ಟೀಚರ?" ಅಂದರೆ "ಯುರೋಪಿಗಿ!" ಅನ್ನುತ್ತೇನೆ. ಆ ವಿಮೆಯ ಕಾಗದವನ್ನೂ ಓದಿದೆ. ಅಲ್ಲಿ ಸತ್ತರೆ ಹೆಣ ಊರಿಗೆ ತಂದು ಒಪ್ಪಿಸುತ್ತಾರಂತೆ. ಬದುಕಿದ್ದಾಗ ಔರಾದದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದವಳಿಗೆ ಎಂಥ ಮರ್ಯಾದೆ!

ಒಂದು ಮಾತು. ಸಾಲಿಯ ಕೊನೆಯ ವರ್ಷಗಳಲ್ಲಿ ನನಗೆ ಪ್ರಶ್ನೆ ಕೇಳಿಸದಿದ್ದರೆ ಮಕ್ಕಳು ಎದ್ದು ಬಂದು ಎದುರಿಗೆ ನಿಂತು ಹೇಳುತ್ತಿದ್ದರು. ಅಲ್ಲಿ ಯಾರು ಹಾಗೆ ನಿಲ್ಲುತ್ತಾರೆ? ಸ್ವಪ್ನಿಲನಿಗೆ ಅದೇ ಚಿಂತೆ. "ಎಸ್ತರ ಇರ್ತಾಳಲ್ಲ, ನನಗೇನು ಅಂಜಿಕಿ?" ಎಂದು ಹೇಳಿ ಅವನ ಬಾಯಿ ಮುಚ್ಚಿಸಿದ್ದೇನೆ.

ನಿನ್ನ,
ಮೀರಾ

*

ನೌಬಾದ, ಬೀದರ
20 ಜನವರಿ 2025

ಪ್ರೀತಿಯ ಮೀರಕ್ಕನಿಗೆ,

ಹೈದರಾಬಾದಿನ ವೀಸಾ ಕೇಂದ್ರದಲ್ಲಿ ಫೆಬ್ರವರಿ ಹನ್ನೊಂದಕ್ಕೆ ಇಬ್ಬರಿಗೂ ಒಟ್ಟಿಗೆ ವೇಳೆ ಸಿಕ್ಕಿದೆ. ಬೆರಳಚ್ಚು ಕೊಡಬೇಕು. ನೀನು ಹಿಂದಿನ ದಿನವೇ ನನ್ನ ಮನೆಗೆ ಬಂದುಬಿಡು, ನಸುಕಿನ ಬಸ್ಸಿಗೆ ಹೋಗೋಣ.

ಅಂದು ಇಸ್ತ್ರಿ ಮಾಡಿದ ಸೀರೆ ಉಡು. ಆ ಕೆಂಪು ಕೈಚೀಲ ತರಬೇಡ, ಜಾನ್ಸನ ಒಂದು ಒಳ್ಳೆಯ ಫೈಲು ಕೊಡುತ್ತಾನೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು. ನೀನು ಅವರಿಗೆ ಡ್ಯಾನ್ಯೂಬಿನ ಪಾಠ ಮಾಡಬೇಡ.

ಬುಡಾಪೆಸ್ಟಿನ ಬಗ್ಗೆ ಓದಿಕೊಂಡಿದ್ದೇನೆ. ಟ್ರಾಮಿನ ಟಿಕೆಟು ಕೊಂಡರೆ ಸಾಲದು, ಹತ್ತಿದ ಕೂಡಲೇ ಯಂತ್ರಕ್ಕೆ ತೂರಿಸಿ ಗುರುತು ಹಾಕಿಸಬೇಕು. ಇಲ್ಲದಿದ್ದರೆ ಟಿಕೆಟಿದ್ದರೂ ದಂಡ. ನಲ್ಲಿಯ ನೀರು ಕುಡಿಯಬಹುದು. ಶೌಚಾಲಯಕ್ಕೆ ಚಿಲ್ಲರೆ ಬೇಕು. ಏಪ್ರಿಲ್ ಕೊನೆಯಲ್ಲೂ ಸಂಜೆಗೆ ಥಂಡಿ ಇರುತ್ತದೆ, ಸ್ವೆಟರ್ ಇಟ್ಟುಕೊ. ಬಿಸಿನೀರಿನ ಬುಗ್ಗೆಗಳ ದೊಡ್ಡ ಸ್ನಾನದ ಮನೆಗಳಿವೆಯಂತೆ. ಆದರೆ ಅಲ್ಲಿ ಸೀರೆ ಉಟ್ಟು ಇಳಿಯಲು ಬಿಡುವುದಿಲ್ಲ, ಈಜುಡುಗೆ ಬೇಕು. ನಾವು ಹೊರಗಿನಿಂದಲೇ ನೋಡಿ ಕೈ ಮುಗಿದು ಬರೋಣ.

ಇನ್ನೊಂದು, ಬೇಜಾರು ಮಾಡಿಕೊಳ್ಳಬೇಡ. ಅಲ್ಲಿ ಟ್ರಾಮಿನಲ್ಲಾಗಲಿ ಹೋಟೆಲಿನಲ್ಲಾಗಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ನಿನ್ನ ದನಿಯ ಎತ್ತರ ನಿನಗೆ ತಿಳಿಯುವುದಿಲ್ಲವಲ್ಲ. ಹೆಚ್ಚಾದರೆ ನಾನು ನಿನ್ನ ಮೊಣಕೈ ಮುಟ್ಟುತ್ತೇನೆ. ಮುಟ್ಟಿದೆನೆಂದರೆ ಮೆಲ್ಲಗೆ ಎಂದು ತಿಳಿ.

ನಿನ್ನ ತಂಗಿ,
ಎಸ್ತರ

*

ಭಾಲ್ಕಿ
19 ಫೆಬ್ರವರಿ 2025

ಶ್ರೀಮತಿ ಎಸ್ತರ ಬರ್ನಬಾಸ ಅವರಿಗೆ,

ಹೈದರಾಬಾದಿನಿಂದ ಸುಖವಾಗಿ ಬಂದು ಮುಟ್ಟಿದೆ. ದಾರಿಯಲ್ಲಿ ನಿದ್ದೆ ಹತ್ತಿತ್ತು. ಆದ್ದರಿಂದ ತಮ್ಮ ಜೊತೆ ಮಾತಾಡಲು ಆಗಲಿಲ್ಲ.

ಬೆರಳಚ್ಚು ತೆಗೆದುಕೊಂಡ ಹುಡುಗಿ ಒಳ್ಳೆಯವಳು. ನನ್ನ ಹೆಬ್ಬೆರಳು ಯಂತ್ರಕ್ಕೆ ಹಿಡಿಯಲಿಲ್ಲ. ಒರೆಸಿ, ಒತ್ತಿ, ಮತ್ತೆ ಒರೆಸಿ ಅವಳೇ ಮಾಡಿದಳು. ಅಲ್ಲಿ ತಮ್ಮ ಬಾಜೂ ಕುಳಿತಿದ್ದ ಆ ಡಾಕ್ಟರ್ ಬಾಯಿಯವರೂ ಒಳ್ಳೆಯವರೇ ಇರಬೇಕು. ಚಹಾ ಕುಡಿದ ಕಪ್ಪನ್ನು ನನ್ನ ಕೈಗೆ ಕೊಟ್ಟಾಗ ನಕ್ಕೇ ಕೊಟ್ಟರು. ಒಯ್ದು ಬುಟ್ಟಿಗೆ ಹಾಕಿದೆ.

ವೀಸಾ ಬಂದರೆ ತಾವು ಹೋಗಿ ಬನ್ನಿ. ನನಗೆ ಬೂಟು ಕಚ್ಚುತ್ತಿದೆ. ಮೊಣಕಾಲೂ ಮೊದಲಿನಂತಿಲ್ಲ. ಕೆಲ ದಿನ ಔರಾದದಲ್ಲಿ ನಮ್ಮ ನರಸಿಂಗನ ಮನೆಯಲ್ಲಿ ಇದ್ದು ಬರಬೇಕೆಂದಿದ್ದೇನೆ. ತಮ್ಮನ ಮನೆಗೆ ಹೋಗದೆ ಬಹಳ ದಿನವಾಯಿತು.

ಇಂತಿ,
ಮೀರಾಬಾಯಿ

*

ಭಾಲ್ಕಿ
4 ಮಾರ್ಚ್ 2025

ಎಸ್ತರ ಅಜ್ಜಿಯವರಿಗೆ ಮಹಾಮಾಯಾ ಮಾಡುವ ನಮಸ್ಕಾರಗಳು.

ನೀವಿಬ್ಬರೂ ಪತ್ರದಲ್ಲೇ ಮಾತಾಡುವವರು, ಅದಕ್ಕೆ ನಾನೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಕೇಳಲು ಧೈರ್ಯ ಬರಲಿಲ್ಲ.

ನಿಮ್ಮಿಬ್ಬರ ಪಾಸ್‌ಪೋರ್ಟುಗಳೂ ವೀಸಾ ಸಮೇತ ಬಂದವೆಂದು ಜಾನ್ಸನ ಕಾಕಾ ಹೇಳಿದರು. ಆಯಿಗೆ ಬರೆದು ತೋರಿಸಿದೆ. ಓದಿ, ಚೀಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು. ಮರುದಿನ ಔರಾದಕ್ಕೆ ಹೋದರು. ಬೂಟು ಇಲ್ಲೇ ಬಿಟ್ಟಿದ್ದಾರೆ. ಬೂಟು ಕಚ್ಚುವುದಿಲ್ಲ ಅಜ್ಜಿ, ಹೈದರಾಬಾದಿಗೆ ಹೊರಡುವ ದಿನವೂ ಕೋಟೆಯ ತನಕ ಅದರಲ್ಲೇ ನಡೆದು ಬಂದಿದ್ದರು.

ನನಗೆ ಅಂಜಿಕೆಯಾಗಿರುವುದು ಬೇರೆ. ಹೈದರಾಬಾದಿನಿಂದ ಬಂದಾಗಿನಿಂದ ಆಯಿ ಬಹಳ ಮೆಲ್ಲಗೆ ಮಾತಾಡುತ್ತಾರೆ. ಮೊದಲು ಅಡುಗೆ ಮನೆಯಿಂದ ಕರೆದರೆ ಓಣಿಗೆಲ್ಲ ಕೇಳುತ್ತಿತ್ತು. ಈಗ ಬಾಜೂ ಕುಳಿತ ನಮಗೂ ಕೇಳಿಸುವುದಿಲ್ಲ. ತುಟಿ ಅಲುಗುತ್ತದೆ, ಅಷ್ಟೇ. ಕಾಯಿಪಲ್ಲೆಯವಳು "ಏನಂತೀರಿ ಟೀಚರ?" ಎಂದು ಎರಡೆರಡು ಸಲ ಕೇಳಿದಳು. ಆಯಿ ಏನೂ ಕೊಳ್ಳದೆ ಒಳಗೆ ಬಂದರು. ಒಂದು ದಿನ ನನ್ನನ್ನು ಕರೆದು, "ಮಾಯಾ, ನನ್ನ ದನಿ ಭಾಳ ಖರಾಬ ಅದ ಏನು? ಖರೇ ಹೇಳು" ಎಂದರು. ನಾನು ಅವರನ್ನು ಅಪ್ಪಿಕೊಂಡೆ.

ಹೈದರಾಬಾದಿನಲ್ಲಿ ಏನಾಯಿತು ಅಜ್ಜಿ? ಯಾರಾದರೂ ಏನಾದರೂ ಅಂದರೇ? ನೀವು ಜೊತೆಗಿದ್ದಿರಲ್ಲ, ನಿಮಗೆ ಗೊತ್ತಿರುತ್ತದೆ.

ನಿಮ್ಮ ಮೊಮ್ಮಗಳು,
ಮಹಾಮಾಯಾ

*

ನೌಬಾದ, ಬೀದರ
9 ಮಾರ್ಚ್ 2025

ಮೀರಕ್ಕಾ,

ಮಹಾಮಾಯಾ ಪತ್ರ ಬರೆದಿದ್ದಳು. ನೀನು ಮೆಲ್ಲಗೆ ಮಾತಾಡುತ್ತೀಯಂತೆ. ಅದನ್ನು ಓದಿದ ಮೇಲೆ ಚರ್ಚಿಗೆ ಹೋದೆ, ಹಾಡಲು ಬಾಯಿ ತೆರೆಯಲಾಗಲಿಲ್ಲ. ಇಷ್ಟು ದಿನ ನಿನಗೆ ಏನೂ ತಿಳಿದಿಲ್ಲವೆಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ನಿನ್ನ ಕಾಗದದಲ್ಲಿ 'ತಾವು' ಎಂದು ಓದಿದಾಗಲೂ, ಅಕ್ಕನಿಗೆ ದಣಿವಾಗಿದೆ ಎಂದುಕೊಂಡೆ.

ಆ ಡಾಕ್ಟರಮ್ಮ ನನ್ನ ಬಾಜೂ ಬಂದು ಕುಳಿತರು. ಅವರೂ ಯುರೋಪಿಗೆ ಹೊರಟವರು. ಜೆರುಸಲೇಮಿನ ಮಾತು ಬಂತು. ಮೀರಕ್ಕಾ, ನಾನು ನರ್ಸಾಗಿ ಜೀವಮಾನವೆಲ್ಲ ಡಾಕ್ಟರುಗಳ ಹಿಂದೆ ಟ್ರೇ ಹಿಡಿದು ನಿಂತವಳು. ಅಂದು ಒಬ್ಬ ಡಾಕ್ಟರು ನನ್ನ ಸರಿಸಮ ಕುಳಿತು ಇಂಗ್ಲಿಷಿನಲ್ಲಿ "ನಿಮಗೆ ಯಾವ ಊರು ಇಷ್ಟವಾಯಿತು?" ಎಂದು ಕೇಳುತ್ತಿದ್ದರು. ನಾನು ಉಬ್ಬಿಹೋದೆ. ನರ್ಸ್ ಎಂದು ಕೂಡ ಹೇಳಲಿಲ್ಲ, 'ಆಸ್ಪತ್ರೆಯಲ್ಲಿದ್ದೆ' ಎಂದೆ.

ಆಗ ನೀನು ಕಿಟಕಿಯ ಕಡೆಯಿಂದ ಕೂಗಿದೆ. "ಎಸ್ತರಾ! ಇಲ್ಲಿ ಒಂದಕ್ಕ ಹೋಗಾದು ಎಲ್ಲಿ ಅದ ಕೇಳವಾ, ಭಾಳ ಅವಸರ ಆಗ್ಯದ!" ಕುಳಿತವರೆಲ್ಲ ತಿರುಗಿ ನೋಡಿದರು. ಇಬ್ಬರು ಹುಡುಗರು ನಕ್ಕರು. ಡಾಕ್ಟರಮ್ಮನಿಗೆ ಕನ್ನಡ ಬರದು, ಆದರೂ ಏನೆಂದು ತಿಳಿಯಿತು. "ಅವರು ನಿಮ್ಮ ಜೊತೆಯವರೇ?" ಎಂದರು.

ನಾನು ಅಂದದ್ದನ್ನು ಇಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. "ನನ್ನನ್ನು ನೋಡಿಕೊಳ್ಳಲು ಇಟ್ಟುಕೊಂಡ ಹೆಂಗಸು" ಎಂದೆ.

ಅದಕ್ಕೇ ಅವರು ನಿನ್ನ ಕೈಗೆ ಕಪ್ಪು ಕೊಟ್ಟದ್ದು. ಅವರ ತಪ್ಪಿಲ್ಲ. ನೀನು ಕಪ್ಪು ಹಿಡಿದು ನನ್ನ ಕಡೆ ನೋಡಿದೆ. ನಾನು ಫೋನಿನಲ್ಲಿ ಏನೋ ಹುಡುಕುತ್ತಿರುವವಳಂತೆ ತಲೆ ಬಗ್ಗಿಸಿದೆ. ಫೋನಿನಲ್ಲಿ ಏನೂ ಇರಲಿಲ್ಲ.

ಹಾಸ್ಟೆಲಿನಲ್ಲಿ ನನಗೆ ಜ್ವರ ಬಂದಾಗ ವಾರ್ಡನ್ನಿನ ಜೊತೆ ಜಗಳವಾಡಿ ಗಂಜಿ ತಂದು ಕುಡಿಸಿದವಳು ನೀನು. ನಿನ್ನ ದನಿ ಅಂದೂ ಹೀಗೇ ಇತ್ತು. ಅಂದು ಅದರಿಂದಲೇ ನನಗೆ ಗಂಜಿ ಸಿಕ್ಕಿತು.

ನನಗೆ ನಿನ್ನ ಎದುರು ನಿಲ್ಲುವ ಮುಖವಿಲ್ಲ. ಅದಕ್ಕೆ ಒಂದು ನಿರ್ಧಾರ ಮಾಡಿದ್ದೇನೆ. ನಾನು ಬರುವುದಿಲ್ಲ. ನನ್ನ ಬದಲು ಮಹಾಮಾಯಾ ಬರಲಿ. ನಿನ್ನ ಜೊತೆಗೇ ಅವಳೂ ಪಾಸ್‌ಪೋರ್ಟ್ ಮಾಡಿಸಿದ್ದಾಳಲ್ಲ, ವೀಸಾಕ್ಕೆ ಇನ್ನೂ ವೇಳೆ ಇದೆ. ಜಾನ್ಸನ ಎಲ್ಲವನ್ನೂ ಮಾಡಿಸುತ್ತಾನೆ. ನೀನು ನದಿ ನೋಡಿ ಬಾ. ನಾನು ಇಲ್ಲೇ ಇರುವುದು ಸರಿ.

ಎಸ್ತರ

*

ಔರಾದ
21 ಮಾರ್ಚ್ 2025

ಎಸ್ತರಾ,

ನಿನ್ನ ಕಾಗದ ಓದಿ ಮೂರು ಸಲ ಉತ್ತರ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ನರಸಿಂಗನ ಕೈಯಲ್ಲಿ ಅಂಚೆಗೆ ಹಾಕಿಸುತ್ತೇನೆ.

ನೀನು ಆಕೆಗೆ ಏನಂದೆ ಎಂಬುದು ನನಗೆ ಕೇಳಿರಲಿಲ್ಲ. ಆದರೆ ಕಪ್ಪು ಕೈಗೆ ಬಂದಾಗ ಎಲ್ಲವೂ ತಿಳಿಯಿತು. ಆಕೆ ಕಪ್ಪು ಕೊಟ್ಟ ರೀತಿ ನನಗೆ ಹೊಸದಲ್ಲ. ನಮ್ಮೂರು ಹಲಬರ್ಗಾದಲ್ಲಿ ನಮ್ಮ ಅವ್ವ ದೊಡ್ಡವರ ಅಂಗಳ ಬಳಿಯುವಾಗ ಆಕೆಯ ಕೈಗೆ ವಸ್ತುಗಳು ಹೀಗೆಯೇ ಬರುತ್ತಿದ್ದವು. ಮುಖ ನೋಡದೆ, ಕೈ ಮಾತ್ರ ನೋಡಿ.

ನೀನು ನಿನ್ನ ನಾಚಿಕೆ ಬರೆದೆ. ನನ್ನದನ್ನೂ ಕೇಳು. ನಾನು ಆ ಕಪ್ಪು ಯಾಕೆ ಒಯ್ದೆ? "ನಾ ಟೀಚರ ಇದ್ದೇನಿ, ಬುಟ್ಟಿ ಅಲ್ಲೇ ಅದ, ನೀವೇ ಹಾಕ್ರಿ" ಅನ್ನಬಹುದಿತ್ತು. ಮಕ್ಕಳಿಗೆ ಜೀವಮಾನವೆಲ್ಲ ಹೇಳಿದ್ದು ಅದನ್ನೇ. ತಲಿ ಎತ್ತಿ ನಿಲ್ಲರಿ, ಯಾರ ಎಂಜಲಾನೂ ಎತ್ತಬ್ಯಾಡರಿ. ಅಂದು ನನ್ನ ಕೈ ನನ್ನನ್ನು ಕೇಳದೆ ಮುಂದೆ ಹೋಯಿತು. ಬುಟ್ಟಿಯ ತನಕ ನಡೆದೂ ಹೋದೆ. ತಿರುಗಿ ಬರುವಾಗ ಆಕೆ ಅಂದ 'ಥ್ಯಾಂಕ್ಯೂ'ಗೆ ತಲೆ ಕೂಡ ಆಡಿಸಿದೆ. ನಿನ್ನ ಮೇಲೆ ಸಿಟ್ಟು ಬಂದದ್ದು ಆಮೇಲೆ. ಮೊದಲು ಅಸಹ್ಯವಾದದ್ದು ನನ್ನ ಕೈ. ಬಸ್ಸಿನಲ್ಲಿ ನಿದ್ದೆ ಮಾಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ.

ಮೆಲ್ಲಗೆ ಮಾತಾಡುವುದೂ ಅದೇ. ನನ್ನ ದನಿ ಎಷ್ಟು ದೊಡ್ಡದೋ ನನಗೆ ಗೊತ್ತಿಲ್ಲ. ಎಲ್ಲರಿಗೂ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿಲ್ಲದ ಸಂಗತಿ ಅದು. ಹಿಂದೆ ಅದರ ಬಗ್ಗೆ ನಗೆಯಾಡುತ್ತಿದ್ದೆ. ಈಗ ಬಾಯಿ ತೆರೆದರೆ ಆ ಹುಡುಗರ ಮುಖ ಕಾಣುತ್ತದೆ.

ಇನ್ನು ನಿನ್ನ ನಿರ್ಧಾರ. ಚೆನ್ನಾಗಿದೆ. ಅಂದು ಬಾಯಿಂದ ನನ್ನನ್ನು ಬಿಟ್ಟೆ, ಈಗ ಕಾಲಿನಿಂದ ಬಿಡುತ್ತೀಯಾ? ನೀನು ಮನೆಯಲ್ಲಿ ಕುಳಿತು ಅತ್ತರೆ ಅದು ನನಗೆ ಮರ್ಯಾದೆಯೇ? ತಪ್ಪು ನಿನ್ನದು, ಶಿಕ್ಷೆಯನ್ನೂ ನೀನೇ ಆರಿಸಿಕೊಂಡೆ, ಅದೂ ನನ್ನ ಮುಖ ನೋಡಬೇಕಾಗದಂಥ ಶಿಕ್ಷೆ. ನರ್ಸಮ್ಮಾ, ಗಾಯ ನೋಡಲಾಗದೆ ವಾರ್ಡು ಬಿಟ್ಟು ಓಡಿದವರಿಗೆ ನೀನು ಏನನ್ನುತ್ತಿದ್ದೆ?

ಮಹಾಮಾಯಾಳಿಗೆ ಪರೀಕ್ಷೆ ಇದೆ. ಅವಳು ಅವಳ ಕಾಲಕ್ಕೆ ಹೋಗುತ್ತಾಳೆ. ನಾನು ನಿನ್ನ ಜೊತೆ ಹೋಗಬೇಕೆಂದು ಹೊರಟವಳು. ನಿನಗೆ ಕಷ್ಟವಾಗುತ್ತದೆ, ಗೊತ್ತು. ನನಗೂ ಆಗುತ್ತದೆ. ಮೊದಲಿನಂತೆ ಇರಲು ನನಗೆ ಆಗುವುದೋ ಇಲ್ಲವೋ, ಮಾತು ಕೊಡಲಾರೆ. ಟಿಕೆಟು ಖರೀದಿ ಮಾಡಿಸು. ಎರಡು.

ಮೀರಾ

*

ಬುಡಾಪೆಸ್ಟ್
28 ಏಪ್ರಿಲ್ 2025

ಮಹಾಮಾಯಾಳಿಗೆ ಎಸ್ತರ ಅಜ್ಜಿಯ ಆಶೀರ್ವಾದ.

ಸುಖವಾಗಿ ಬಂದು ಮುಟ್ಟಿದ್ದೇವೆಂದು ಜಾನ್ಸನ ಹೇಳಿರುತ್ತಾನೆ. ಅವನಿಗೆ ಹೇಳಲಾಗದ್ದನ್ನು ನಿನಗೆ ಬರೆಯುತ್ತಿದ್ದೇನೆ. ಅಂದು ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಹೈದರಾಬಾದಿನಲ್ಲಿ ನಿನ್ನ ಆಯಿಗೆ ಅವಮಾನ ಮಾಡಿದವಳು ನಾನೇ ಮಗಳೇ. ಬೇರೆ ಯಾರೂ ಅಲ್ಲ. ಹೇಗೆಂದು ಊರಿಗೆ ಬಂದ ಮೇಲೆ ನಿನ್ನ ಎದುರಿಗೆ ಕುಳಿತು ಹೇಳುತ್ತೇನೆ.

ಮೊದಲ ಎರಡು ದಿನ ನಾನು ನಿನ್ನ ಆಯಿಯ ಚೀಲ ಹೊತ್ತೆ, ಕುರ್ಚಿ ಎಳೆದುಕೊಟ್ಟೆ, ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಟ್ಟೆ. ಮೂರನೆಯ ದಿನ ಅವಳು ಚೀಲ ಕಸಿದುಕೊಂಡು, "ಸಾಕು ಮಾಡು, ನಾ ಏನು ನಿನ್ನ ಪೇಶಂಟ ಏನು?" ಎಂದಳು. ಅದನ್ನೂ ಎಷ್ಟು ಮೆಲ್ಲಗೆ ಅಂದಳೆಂದರೆ, ಬಾಜೂ ಮೇಜಿನವರು ತಲೆ ಕೂಡ ಎತ್ತಲಿಲ್ಲ. ಇಡೀ ಊರಿನಲ್ಲಿ ಎಲ್ಲರಿಗಿಂತ ಮೆಲ್ಲಗೆ ಮಾತಾಡುವವಳು ಈಗ ನಿನ್ನ ಆಯಿ. ಟ್ರಾಮಿನಲ್ಲಿ ಇಲ್ಲಿನ ಮುದುಕಿಯರು ನಗುತ್ತಾರೆ, ಹರಟುತ್ತಾರೆ, ಫೋನಿನಲ್ಲಿ ಜಗಳವಾಡುತ್ತಾರೆ. ಇಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲವೆಂದು ಅವಳಿಗೆ ಬುದ್ಧಿ ಹೇಳಿ ಬರೆದವಳು ನಾನು.

ನಿನ್ನೆ ಸಂಜೆ ಸೇತುವೆಯ ಮೇಲೆ ಹೋದೆವು. ಗಾಳಿ ಬಹಳವಿತ್ತು. ಕೆಳಗೆ ಡ್ಯಾನ್ಯೂಬ್, ಅಗಲವಾಗಿ, ಅವಸರದಲ್ಲಿ ಹರಿಯುತ್ತಿತ್ತು. ನಿನ್ನ ಆಯಿ ಕಬ್ಬಿಣದ ಕಟಾಂಜನಕ್ಕೆ ಒರಗಿ ಬಹಳ ಹೊತ್ತು ನೋಡಿದಳು. ನಾನು ಸ್ವಲ್ಪ ದೂರದಲ್ಲಿ ನಿಂತಿದ್ದೆ. ಈಗೀಗ ಹಾಗೆಯೇ ನಿಲ್ಲುತ್ತೇನೆ, ಹತ್ತಿರ ಹೋಗಲು ಅಂಜಿಕೆ. ಅವಳ ತುಟಿ ಅಲುಗಿತು. ಏನೋ ಹೇಳಿದಳು. ಗಾಳಿಯಲ್ಲಿ ನನಗೆ ಏನೂ ಕೇಳಲಿಲ್ಲ.

ಅವಳ ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು, "ಜೋರಲೆ ಹೇಳು ಮೀರಕ್ಕಾ" ಎಂದೆ. "ಜೋರಲೆ ಹೇಳು, ಯಾರು ಕೇಳಿದ್ರೂ ಕೇಳಲಿ."

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೂ ಅಲ್ಲ. ಉತ್ತರ ತಪ್ಪಿದ ಮಕ್ಕಳನ್ನು ಟೀಚರು ನೋಡುತ್ತಾರಲ್ಲ, ಹಾಗೆ. ಆಮೇಲೆ ಅದೇ ಮೆಲುದನಿಯಲ್ಲಿ ಅಂದಳು:

"ನಿನಗ ಕೇಳಬೇಕಂದ್ರ ನೀನೇ ಸನೇಕ ಬಾ."

ಹೋದೆ. ಭುಜಕ್ಕೆ ಭುಜ ತಾಗುವ ತನಕ ಹೋಗಿ, ಅವಳ ಬಾಯಿಯ ಬಳಿ ಕಿವಿ ಇಟ್ಟೆ.

"ನಕ್ಷಾದಾಗ ನೀಲಿ ತೋರಿಸ್ತಿದ್ನಿ," ಎಂದಳು. "ನೀರು ನೋಡು, ನಮ್ಮ ಮಾಂಜ್ರಾ ಹೊಳಿ ನೀರು ಇದ್ದಂಗೇ ಅದ."

ನಿನ್ನ,
ಎಸ್ತರ ಅಜ್ಜಿ